ಪುಷ್ಯ ಮಾಸದಲ್ಲೊಂದು ವಿಜಯದಶಮಿ

೩ ಜನವರಿ ೧೯೮೯, ಮಂಗಳವಾರ

ಇವರ ಕಂಪನಿಯಿಂದ ಹೊಸ ವರ್ಷಕ್ಕೆ ಎರಡು ಡೈರಿ ಬಂದಿವೆ. ಒಂದನ್ನು ತಾವು ಇಟ್ಟುಕೊಂಡು ಇನ್ನೊಂದನ್ನು ನನ್ನ ಮುಂದೆ ಹಾಕಿದರು. "ತಗೊಳ್ಳೇ, ದಿನಾ ನನ್ನ ಕಿವೀಲಿ ಹೇಳೋದನ್ನ ಇನ್ಮೇಲೆ ಇದಕ್ಕೆ ಹೇಳು." ಆಗಲಿ. ಇದಾದರೂ ನಾನು ಮಾತಾಡುವಾಗ ಮುಖಕ್ಕೆ ಪೇಪರು ಅಡ್ಡ ಹಿಡಿಯುವುದಿಲ್ಲ.

ಬರೆಯಲು ವಿಷಯವೂ ಇದೆ. ಶನಿವಾರ ಭಜನೆ ಮುಗಿದು ಮಂಗಳಾರತಿ ಆದ ಮೇಲೆ ವಿನೋದಿನಿ ಎನ್ನುವ ಹುಡುಗಿ ಎದ್ದು ನಿಂತಳು. ಉಡುಪಿ ಕಡೆಯವಳು, ಯಾವುದೋ ಮಹಿಳಾ ಸಂಸ್ಥೆಯಲ್ಲಿ ಕೆಲಸ. "ಮಧ್ಯಾಹ್ನ ಪುರುಸೊತ್ತು ಇರುವವರು, ಕನ್ನಡ ಓದ್ಲಿಕ್ಕೆ ಬರುವವರು, ಮನೆ ಮನೆಗೆ ಹೋಗ್ಲಿಕ್ಕೆ ತಯಾರಿರುವವರು ಕೈ ಎತ್ತಿ" ಎಂದಳು. ಮನೆ ಮನೆಗೆ ಅಂದರೆ ಭಜನೆಗೆ ಎಂದುಕೊಂಡು ನಾನು ಎರಡೂ ಕೈ ಎತ್ತಿದೆ. ಎತ್ತಿದ ಮೇಲೆ ತಿಳಿಯಿತು, ಹೋಗಬೇಕಾದದ್ದು ನಮ್ಮ ಘಾಟ್ಕೋಪರದ ಗುಡ್ಡದ ಮೇಲಿನ ಝೋಪಡಿಗಳಿಗೆ. ಗುಲ್ಬರ್ಗದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಅವರ ಚಿಕ್ಕ ಮಕ್ಕಳಿಗೆ ಚಿತ್ರದ ಪುಸ್ತಕ ಒಯ್ದು ಕೊಡಬೇಕು. ಮಕ್ಕಳು ಮುಂದೆ ಬಾಲವಾಡಿಗೆ, ಶಾಲೆಗೆ ಹೋಗುವಂತಾಗಬೇಕು.

ಎತ್ತಿದ ಕೈ ಇಳಿಸಿದರೆ ದೇವರ ಎದುರು ಅವಮಾನ. ಹೆಸರು ಬರೆಸಿದೆ.

ಇವತ್ತು ವಿನೋದಿನಿ ಮನೆಗೆ ಬಂದು ನಿಯಮ ಹೇಳಿ ಹೋದಳು. ಮಗುವಿಗೆ ನಾವು ಪಾಠ ಮಾಡಬಾರದಂತೆ. ಪುಸ್ತಕವನ್ನು ತಾಯಿಯ ಮಡಿಲಲ್ಲಿ ಇಟ್ಟು, ಅವಳೇ ಮಗುವಿಗೆ ತೋರಿಸಿ ಮಾತಾಡುವಂತೆ ಮಾಡಿ, ನಾವು ಪಕ್ಕದಲ್ಲಿ ಕೂತಿರಬೇಕಂತೆ. ತಾಯಿಯನ್ನು ಬೈಯಬಾರದು, ಬುದ್ಧಿ ಹೇಳಬಾರದು. "ತಾಯಿ ಕೈಯಲ್ಲಿ ಪುಸ್ತಕ, ನಿಮ್ಮ ಬಾಯಿಗೆ ಬೀಗ, ಆಯ್ತಾ ಕೌಸಲ್ಯಮ್ಮ? ಸದ್ಯಕ್ಕೆ ಒಂದೇ ಮನೆ ಕೊಡ್ತೇನೆ. ನಿಮ್ಮ ಬಾಯಿ ನೋಡಿ ಮತ್ತೆ ಬೇರೆ ಕೊಡುವ."

ಒಳಗಿನಿಂದ ಇವರು, "ಆ ಬೀಗ ಎಲ್ಲಿ ಸಿಗುತ್ತೆ ಕೇಳು, ಮನೆಗೂ ಒಂದು ತರೋಣ" ಎಂದರು. ಸೊಸೆ ವಿಮಲಾ ಬ್ಯಾಂಕಿನಿಂದ ಅದೇ ಆಗ ಬಂದವಳು, ಸೆರಗು ಬಾಯಿಗೆ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ನಕ್ಕಿದ್ದು ನನಗೆ ಕಾಣಿಸಿತು.

೬ ಜನವರಿ, ಶುಕ್ರವಾರ

ಹತ್ತಿದೆ. ಮೆಟ್ಟಿಲಲ್ಲ, ಕಲ್ಲು. ಒಂದು ಕಡೆ ಗಟಾರ, ಇನ್ನೊಂದು ಕಡೆ ಬಟ್ಟೆ ಒಣಗಿಸುವ ಹಗ್ಗ. ಯಾರದೋ ಒದ್ದೆ ಲಂಗ ತಲೆಗೆ ತಾಗಿ ಅಲ್ಲೇ ಮಡಿ ಹೋಯಿತು.

ತಾಯಿಯ ಹೆಸರು ಬಸಲಿಂಗವ್ವ. ನಮ್ಮ ವಿಮಲಳಿಗಿಂತ ಚಿಕ್ಕವಳು. ಗಂಡ ಬಂಡೆಪ್ಪ ಗಾರೆ ಕೆಲಸದವನು. ಕೈಗೂಸು ಇರುವುದರಿಂದ ಇವಳು ಕೆಲಸಕ್ಕೆ ಹೋಗದೆ, ಸಂಸಾರ ಇಲ್ಲದ ಕೂಲಿಯವರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಕೈಗೂಸು ಸೀರೆಯ ಜೋಲಿಯಲ್ಲಿ. ದೊಡ್ಡವಳು ಅಕ್ಕು, ನಾಲ್ಕು ವರ್ಷ, ನೀರಿನ ಡ್ರಮ್ಮಿನ ಹಿಂದೆ. ನನಗೆ ಕಂಡದ್ದು ಎರಡು ಕಣ್ಣು ಮಾತ್ರ. ಹೆಸರು ಕೇಳಿದೆ. ಉತ್ತರವಿಲ್ಲ.

"ಅಕಿ ಮಾತಾಡಂಗಿಲ್ರಿ ಬಾಯಾರ. ನೀವು ಕುಂದ್ರಿ" ಎಂದು ಬಸಲಿಂಗವ್ವ ಗೋಣಿಚೀಲ ಹಾಸಿದಳು.

ಚೀಲದಿಂದ ಪುಸ್ತಕ ತೆಗೆದೆ. ಪುಟಕ್ಕೊಂದು ದೊಡ್ಡ ಚಿತ್ರ, ಕೆಳಗೆ ಒಂದು ಸಾಲು. ಬಾಯಿಗೆ ಬೀಗ ಎಂದು ಹೇಳಿದ್ದರು, ನಿಜ. ಆದರೆ ಆ ಹುಡುಗಿ ಹಿಟ್ಟಿನ ಕೈಯನ್ನೇ ಮುಂದೆ ಚಾಚಿದಾಗ ಸುಮ್ಮನಿರುವುದು ಹೇಗೆ? ಹೇಳಿದೆ. ಪುಸ್ತಕವೆಂದರೆ ಸಾಕ್ಷಾತ್ ಸರಸ್ವತಿ, ಕೈಕಾಲು ತೊಳೆದು ಮುಟ್ಟಬೇಕು, ನೆಲಕ್ಕೆ ಇಡಬಾರದು, ಎಂಜಲು ಬೆರಳಲ್ಲಿ ಹಾಳೆ ತಿರುಗಿಸಬಾರದು, ಕಾಲು ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ನಮಗೆ ಹೇಳಿಕೊಟ್ಟದ್ದೆಲ್ಲ ಹೇಳಿದೆ. ಬಸಲಿಂಗವ್ವ ಕೈ ಮುಗಿದುಕೊಂಡು ಕೇಳಿದಳು. ನಮ್ಮ ಮನೆಯಲ್ಲಿ ಇಷ್ಟು ಚೆನ್ನಾಗಿ ಯಾರೂ ನನ್ನ ಮಾತು ಕೇಳಿಲ್ಲ.

ನೀರು ಕೊಟ್ಟಳು. ಉಪವಾಸ ಎಂದೆ. ಮನೆಗೆ ಬಂದು ಸೀರೆ ನೆನೆಸಿ, ತಲೆಯ ಮೇಲೆ ನೀರು ಹಾಕಿಕೊಂಡೆ.

೧೦ ಜನವರಿ, ಮಂಗಳವಾರ

ಬಸಲಿಂಗವ್ವ ಪುಸ್ತಕವನ್ನು ದೇವರ ಮಾಡಿನಲ್ಲಿ ಬಸವಣ್ಣನ ಪಕ್ಕ ಇಟ್ಟಿದ್ದಾಳೆ! ಮೂರು ಬೆರಳು ವಿಭೂತಿ, ಮೇಲೆ ಒಂದು ಸೇವಂತಿಗೆ, ಮುಂದೆ ಊದುಬತ್ತಿ. ನನಗೆ ಕಣ್ಣಲ್ಲಿ ನೀರು ಬಂತು. ಇಂಥ ಭಕ್ತಿ ನಮ್ಮ ಸೊಸೈಟಿಯಲ್ಲಿ ಯಾರಿಗಿದೆ? ನಮ್ಮ ವಿಮಲಾ ಬ್ಯಾಂಕಿನ ಪುಸ್ತಕವನ್ನು ತಿಂಡಿಡಬ್ಬಿಯ ಜೊತೆ ತುರುಕಿಕೊಂಡು ಲೋಕಲ್ ಹತ್ತುತ್ತಾಳೆ. ಈ ವಿಷಯ ಅವಳಿಗೆ ಹೇಳಿದೆ. ಮೊಮ್ಮಗ ನಿಖಿಲನಿಗೆ ಮೂರು ತುಂಬಿದರೂ "ಪಾನಿ ದೋ" ಎನ್ನುವುದನ್ನೂ ಹೇಳಿದೆ. ಅವಳು "ಹೂಂ ಅತ್ತೆ" ಎಂದು ಚಪಾತಿ ಲಟ್ಟಿಸಿದಳು. ಇವತ್ತಿನ ಚಪಾತಿ ಸ್ವಲ್ಪ ಗಟ್ಟಿ.

೨೦ ಜನವರಿ, ಶುಕ್ರವಾರ

ಇವತ್ತು ಬಂಡೆಪ್ಪ ಮನೆಯಲ್ಲಿದ್ದ. ಬಗ್ಗಿ ನಮಸ್ಕಾರ ಮಾಡಿದ. ಒಳ್ಳೆಯವನು. ಅದೇ ಕಷ್ಟ, ಕೆಟ್ಟವನಾಗಿದ್ದರೆ ಜಗಳ ಆಡಬಹುದಿತ್ತು.

"ಯುಗಾದಿ ಆದ ಮ್ಯಾಲ ಊರಿಗಿ ಹೊಂಟೀವ್ರಿ ಬಾಯಾರ. ಅಕ್ಕೂನ ಅಲ್ಲೇ ನಮ್ಮವ್ವನ ಕಡಿ ಬಿಟ್ಟು ಬರ್ತೀನಿ. ಓಣಿ ಮಂದಿ ಎಲ್ಲಾ ಮೂಕಿ ಅಂತಾರ."

"ಶಾಲೆ?" ಎಂದೆ.

"ಮಾತ ಬರಲಾರದಾಕಿಗಿ ಎಂಥಾ ಸಾಲಿರಿ? ಮುಂಬೈದಾಗ ಕೂಸು ಕೈ ತಪ್ಪಿದ್ರ ಅಪ್ಪನ ಹೆಸರು ಹೇಳಬೇಕ ಬ್ಯಾಡೋ? ಇಕಿ ತನ್ನ ಹೆಸರ ಹೇಳಂಗಿಲ್ಲ. ಊರಾಗಾದ್ರ ಆಡು ಕಾಯ್ಕೊಂಡು ಇರ್ತಾಳ. ಅಲ್ಲಿ ಕಳದು ಹೋಗಾಕ ಜಾಗಾನ ಇಲ್ಲ."

ಅವನ ಮಾತಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಬಸಲಿಂಗವ್ವ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು. ತೆಳ್ಳಗಾದ ಮೇಲೂ ಬಡಿದಳು, ಹರಿದು ಹೋದ ಮೇಲೂ ಬಡಿದಳು. ಅಕ್ಕು ಡ್ರಮ್ಮಿನ ಹಿಂದೆ.

ಕಿವಿ ಕೇಳುತ್ತದೆ ಆ ಮಗುವಿಗೆ. ಅಪ್ಪ 'ಮೂಕಿ' ಎಂದಾಗ ಕಣ್ಣು ಒಳಗೆ ಸರಿದದ್ದನ್ನು ನಾನು ನೋಡಿದೆ.

ಯುಗಾದಿಯೊಳಗೆ ಅವಳು ಮಾತಾಡಬೇಕು. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

೨೪ ಜನವರಿ, ಮಂಗಳವಾರ

ವಿನೋದಿನಿ ನನ್ನ ಜೊತೆ ಗುಡ್ಡಕ್ಕೆ ಬಂದಳು. "ಪುಸ್ತಕ ಕೊಡಿ ನೋಡುವ" ಎಂದಳು. ಬಸಲಿಂಗವ್ವ ಕೈ ತೊಳೆದು, ಸೆರಗು ಹೊದ್ದು, ಎರಡೂ ಕೈಯಲ್ಲಿ ಇಳಿಸಿ ಕೊಟ್ಟಳು. ಹಾಳೆ ತೆರೆದರೆ ಪ್ರೆಸ್ಸಿನ ವಾಸನೆ ಹಾಗೇ ಇದೆ.

"ಯಾರು ನೋಡಿದ್ರು ಇದನ್ನ?"

"ಯಾರೂ ಮುಟ್ಟಿಲ್ರಿ ಅಕ್ಕಾರ!" ಬಸಲಿಂಗವ್ವನಿಗೆ ಹೆಮ್ಮೆಯೋ ಹೆಮ್ಮೆ. "ಅಕ್ಕು ಒಮ್ಮೆ ಕೈ ಹಾಕಿದ್ಲು, ಬೆನ್ನಿಗೆ ಎರಡು ಬಿಗದೀನಿ. ಅವತ್ತಿಂದ ಆ ಕಡಿ ಹಣಿಕಿ ಸುದ್ದಾ ಹಾಕಿಲ್ಲ."

ವಿನೋದಿನಿ ನನ್ನನ್ನು ನೋಡಿದಳು. ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಹೊರಗೆ ಬಂದವಳೇ ನಕ್ಕಳು, ನಕ್ಕಳು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಕ್ಕಳು. "ಅಲ್ಲ ಕೌಸಲ್ಯಮ್ಮ, ನಾನು ಕೊಟ್ಟದ್ದು ಪುಸ್ತಕ, ನೀವು ದೇವಸ್ಥಾನ ಕಟ್ಟಿದ್ದೀರಿ ಮಾರಾಯ್ರೆ! ಪುಸ್ತಕ ಹರಿದು, ಜೊಲ್ಲು ಸುರಿದು, ಅರ್ಧ ತಿಂದು ವಾಪಸ್ ಬಂದ್ರೆ ನನಗೆ ಖುಷಿ. ಹೀಗೆ ಹೊಸತಾಗಿ ಉಳಿದ್ರೆ ಮಗುವಿಗೆ ಎಂತ ಸಿಕ್ಕಿತು? ಪೆಟ್ಟು!"

ಜೊಲ್ಲಂತೆ. ತಿನ್ನುವುದಂತೆ. ನಾನು ಚೀಲ ಎತ್ತಿಕೊಂಡು ಇಳಿದು ಬಂದೆ.

ಆದರೆ ಪೆಟ್ಟು ಎಂದಳಲ್ಲ, ಆ ಮಾತು ಮಾತ್ರ ಜೊತೆಯಲ್ಲೇ ಇಳಿದು ಬಂತು. ಊಟ ಸೇರಲಿಲ್ಲ.

೨೭ ಜನವರಿ, ಶುಕ್ರವಾರ

ಗುಡ್ಡಕ್ಕೆ ಹೋಗಲಿಲ್ಲ. ಏನು ಹೇಳಲಿ? ನಾನು ಅಂದು ಹೇಳಿದ್ದು ಸುಳ್ಳು ಎನ್ನಲೇ? ಸುಳ್ಳಲ್ಲ. ಪುಸ್ತಕ ಸರಸ್ವತಿಯೇ. ಸರಸ್ವತಿಯನ್ನು ಮಗುವಿನ ಬಾಯಿಗೆ ಕೊಡು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಮಧ್ಯಾಹ್ನ ದೇವರ ಸಾಮಾನು ಬೆಳಗುತ್ತಾ ಕೂತಿದ್ದಾಗ ಹೊಳೆಯಿತು. ನವರಾತ್ರಿಯಲ್ಲಿ ನಾವು ಪುಸ್ತಕಗಳನ್ನು ಪೂಜೆಗಿಡುತ್ತೇವೆ, ಆಗ ಯಾರೂ ಮುಟ್ಟುವ ಹಾಗಿಲ್ಲ. ಆದರೆ ವಿಜಯದಶಮಿ ದಿನ ಎತ್ತಿ ಓದಲೇಬೇಕು, ಒಂದು ಸಾಲಾದರೂ. ಓದದಿದ್ದರೆ ಪೂಜೆ ಮುಗಿದಂತೆಯೇ ಅಲ್ಲ. ಹಾಗಾದರೆ ಬಸಲಿಂಗವ್ವನ ಪೂಜೆ ಅರ್ಧಕ್ಕೇ ನಿಂತಿದೆ!

ಇವರಿಗೆ ಹೇಳಿದೆ. "ಪುಷ್ಯ ಮಾಸದಲ್ಲಿ ವಿಜಯದಶಮಿ! ಪಂಚಾಂಗದವರಿಗೆ ತಿಳಿಸಿದ್ದೀಯಾ?" ಎಂದರು.

ಪಂಚಾಂಗ ನೋಡಿದೆ. ಮಂಗಳವಾರ ಮಧ್ಯಾಹ್ನದ ಮೇಲೆ ಬಹುಳ ದಶಮಿ. ದಶಮಿ ದಶಮಿಯೇ. ವಿಜಯ ಸರಸ್ವತಿಗೆ ಬಿಟ್ಟದ್ದು.

೩೧ ಜನವರಿ, ಮಂಗಳವಾರ

ಆರತಿ ತಟ್ಟೆ, ಕರ್ಪೂರ, ಬಾಳೆಹಣ್ಣು, ಕಲ್ಲುಸಕ್ಕರೆ ತೆಗೆದುಕೊಂಡು ಹೋದೆ.

"ಬಸಲಿಂಗವ್ವ, ಪೂಜೆಗೆ ಇಟ್ಟ ಪುಸ್ತಕ ಇಟ್ಟೇ ಇದ್ದರೆ ಸರಸ್ವತಿಗೆ ಬೇಜಾರಾಗುತ್ತೆ. ದಶಮಿ ದಿನ ಎತ್ತಿ ಓದಬೇಕು."

"ಅಯ್ಯ ಶಿವನ! ಮೊದಲ ಯಾಕ ಹೇಳಲಿಲ್ರಿ?"

"ದಶಮಿ ಬರಬೇಕಲ್ಲ!"

ಆರತಿ ಎತ್ತಿದೆವು. ಅವಳಿಗೆ ಬರುವ ಒಂದು ಸೋಬಾನೆ ಅವಳು ಹಾಡಿದಳು, ನನಗೆ ಬರುವ ಶ್ಲೋಕ ನಾನು ಹೇಳಿದೆ. "ತಾಯೀ, ಇಷ್ಟು ದಿನ ಕಾಗದದಲ್ಲಿದ್ದೆ, ಇನ್ನು ಇಳಿದು ಬಂದು ಈ ಮಗುವಿನ ನಾಲಿಗೆಯಲ್ಲಿ ಕೂತುಕೋ" ಎಂದು ಕನ್ನಡದಲ್ಲೇ ಬೇಡಿಕೊಂಡು ಪುಸ್ತಕವನ್ನು ಬಸಲಿಂಗವ್ವನ ಮಡಿಲಿಗೆ ಇಟ್ಟೆ. "ಸರಸ್ವತಿ ಈಗ ಇದರಲ್ಲಿ ಇಲ್ಲ. ಹರಿದರೂ ದೋಷವಿಲ್ಲ" ಎಂದೆ. ಹೇಳಿದ ಮೇಲೆ ಮೆಲ್ಲಗೆ ಕೆನ್ನೆ ಬಡಿದುಕೊಂಡೆ.

"ನನಗ ಓದಾಕ ಬರಂಗಿಲ್ರಿ ಬಾಯಾರ. ಅಕ್ಷರ ಅಂದ್ರ ನನಗ ಇರವಿ ಸಾಲು."

ನಾನು ಓದಲು ಬಾಯಿ ತೆರೆದೆ. ಬಾಯಿಯ ಬೀಗ ನೆನಪಾಗಿ, ನೈವೇದ್ಯದ ಕಲ್ಲುಸಕ್ಕರೆಯ ದೊಡ್ಡ ಹರಳೊಂದನ್ನು ಬಾಯಿಗೆ ಹಾಕಿಕೊಂಡೆ. ಅದು ಕರಗುವವರೆಗೆ ಮಾತಾಡುವ ಹಾಗಿಲ್ಲ ಎಂದು ಗೊತ್ತು ಮಾಡಿಕೊಂಡೆ. ಚಿತ್ರ ನೋಡು ಎಂದು ಬೆರಳಲ್ಲಿ ತೋರಿಸಿದೆ.

ಮೊದಲ ಪುಟದಲ್ಲಿ ಕೋಳಿ. ಬಸಲಿಂಗವ್ವ ತುಂಬ ಹೊತ್ತು ನೋಡಿದಳು. "ಅಯ್ಯ, ಇದು ನಮ್ಮ ಚುಕ್ಕಿ ಕೋಳಿ ಇದ್ದಾಂಗ ಅದ. ಅಕ್ಕೂ, ನಮ್ಮ ಮಾವ ಬಿಸಲಿಗಿ ರುಮಾಲು ತಗದು ಇಟ್ಟಿದ್ದ. ಅದರಾಗ ಹೋಗಿ ತತ್ತಿ ಇಟ್ಟಿತು ನೋಡು. ಮಾವ ನೋಡಲಾರದ ತಲಿಗಿ ಸುತ್ತಿದ. ಲಗ್ನದ ಮನಿಯಾಗ ಎಲ್ಲಾರ ಮುಂದ ತತ್ತಿ ಒಡದು ಮಾರಿಮ್ಯಾಲ ಇಳೀತು!"

ಡ್ರಮ್ಮಿನ ಹಿಂದಿನಿಂದ ಅಕ್ಕು ಬಂದಳು. ತಾಯಿಯ ಮೊಣಕಾಲಿಗೆ ಒರಗಿ ಕೋಳಿಯ ಮೇಲೆ ಅಂಗೈ ಇಟ್ಟಳು. ಮೂಗಿನಿಂದ ಒಂದು ಸಲ ಗಾಳಿ ಬಿಟ್ಟಳು. ನಗುವೇ ಇರಬೇಕು.

ಹೊರಡುವಾಗ ಬಾಯಾರಿಕೆ. ಸಕ್ಕರೆ ತಿಂದದ್ದಕ್ಕೆ. ಒಂದು ಲೋಟ ನೀರು ಕೇಳಿ ಕುಡಿದೆ.

೧೦ ಫೆಬ್ರವರಿ, ಶುಕ್ರವಾರ

ಪುಸ್ತಕಕ್ಕೆ ಅರಿಶಿನ, ಎಣ್ಣೆ, ಜೋಳದ ಹಿಟ್ಟು ಎಲ್ಲ ಮೆತ್ತಿದೆ. ಅಕ್ಕು ಅದನ್ನು ಒಂದು ಕಿವಿ ಹಿಡಿದು ಎಳೆದುಕೊಂಡು ಓಡಾಡುತ್ತಾಳೆ. ನೋಡಿದಾಗ ನನ್ನ ಕೈ ತಾನಾಗಿಯೇ ಕಣ್ಣಿಗೆ ಹೋಗುತ್ತದೆ. ಕಲ್ಲುಸಕ್ಕರೆ ಹಾಕಿಕೊಳ್ಳುತ್ತೇನೆ.

ಬಸಲಿಂಗವ್ವ ಈಗ ರೊಟ್ಟಿ ಬಡಿಯುತ್ತಲೂ ಮಾತಾಡುತ್ತಾಳೆ. "ಇದು ದೊಡ್ಡದು ಅಪ್ಪಗ, ಇದು ಸಣ್ಣದು ಅಕ್ಕುಗ, ಇದು ಸೊಟ್ಟ ಆಗ್ಯದ, ಇದು ಬಾಯಾರಿಗಿ." ಅಕ್ಕು ನನ್ನ ಕಡೆ ನೋಡಿ ಮೂಗಿನಿಂದ ಗಾಳಿ ಬಿಟ್ಟಳು. ಮಾತಿಲ್ಲ.

ಸೊಟ್ಟ ರೊಟ್ಟಿ ಬಿಸಿಯಿತ್ತು.

೧೭ ಫೆಬ್ರವರಿ, ಶುಕ್ರವಾರ

ಸಂಜೆ ವಿಮಲಾ ತಡವಾಗಿ ಬಂದಳು. ಟ್ರೇನು ಕುರ್ಲಾದಲ್ಲಿ ನಿಂತುಬಿಟ್ಟಿತ್ತಂತೆ. ಬಂದವಳೇ ನಿಖಿಲನನ್ನು ಎತ್ತಿಕೊಂಡು ಹಿಂದಿಯಲ್ಲಿ ಶುರು ಮಾಡಿದಳು. ನಾನು ಹೇಳಬೇಕೆಂದು ಎದ್ದೆ. ಸೆರಗಿನ ಗಂಟಿನಲ್ಲಿ ಗುಡ್ಡಕ್ಕೆ ಒಯ್ದ ಕಲ್ಲುಸಕ್ಕರೆಯ ಒಂದು ಹರಳು ಉಳಿದಿತ್ತು, ಹಾಳಾಗುವುದೇಕೆ ಎಂದು ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ವಿಮಲಾ, "ಟ್ರೇನು ನಿಂತುಬಿಡ್ತು ಪುಟ್ಟಾ, ಅದಕ್ಕೂ ಕಾಲು ನೋವಂತೆ" ಎಂದು ಕನ್ನಡದಲ್ಲಿ ಏನೋ ಕಥೆ ಹೇಳಿದಳು. ಅವನು, "ಟ್ರೇನಿಗೆ ಎಷ್ಟು ಕಾಲು?" ಎಂದು ಕೇಳಿದ. ಕನ್ನಡದಲ್ಲೇ!

ಆಮೇಲೆ ಅವಳು ನನ್ನ ಹತ್ತಿರ ಬಂದು, "ಅತ್ತೆ, ಹುಷಾರಿಲ್ವಾ? ಏನೂ ಹೇಳ್ಲೇ ಇಲ್ಲ" ಎಂದಳು. ಹಲ್ಲುನೋವು ಎಂದೆ. ಲವಂಗದ ಎಣ್ಣೆ ತಂದು ಕೊಟ್ಟಳು.

ಈಚೆಗೆ ವಿಮಲಾ ಸುಧಾರಿಸಿದ್ದಾಳೆ.

೩ ಮಾರ್ಚ್, ಶುಕ್ರವಾರ

ಬಸಲಿಂಗವ್ವನ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯೆ ಊಟ ಮಾಡಿ ಮನೆಗೆ ಬಂದರೆ ಇವರು, "ಏಕಾದಶಿ ಫಲಾಹಾರ ಏನೇ ಇವತ್ತು?" ಎಂದರು. ನಾನು ಕ್ಯಾಲೆಂಡರ್ ನೋಡಿದೆ. ಹೌದು, ಏಕಾದಶಿ. ಹದಿನೈದು ದಿನಕ್ಕೊಮ್ಮೆ ಬರುವುದನ್ನು ಸೊಸೈಟಿಗೆಲ್ಲ ನೆನಪಿಸುವವಳು ನಾನು.

ದೇವರಿಗೆ ತಪ್ಪಾಯಿತೆಂದು ನಮಸ್ಕಾರ ಹಾಕಿದೆ. ಪುಂಡಿಪಲ್ಯೆ ಮಾಡುವ ರೀತಿ ಮುಂದಿನ ಸಲ ಕೇಳಬೇಕು.

ಅಕ್ಕು ಮಾತಾಡಿಲ್ಲ. ಯುಗಾದಿಗೆ ಇನ್ನು ಒಂದು ತಿಂಗಳ ಮೇಲೆ ಸ್ವಲ್ಪ. ಬಂಡೆಪ್ಪ ಊರಿಗೆ ಹೇಳಿ ಕಳಿಸಿದ್ದಾನಂತೆ, ಅವನ ತಾಯಿ ಅಕ್ಕುವಿಗೆಂದು ಆಡಿನ ಮರಿ ತೆಗೆದಿಟ್ಟಿದ್ದಾಳಂತೆ.

೧೪ ಮಾರ್ಚ್, ಮಂಗಳವಾರ

ಮೊದಲಿನಿಂದ ಬರೆಯುತ್ತೇನೆ.

ನಾನು ಹೋದಾಗ ಬಸಲಿಂಗವ್ವ ಪುಸ್ತಕ ಹಿಡಿದು ನಿಂತಿದ್ದಳು, ಕೈ ಮೇಲೆತ್ತಿ. ಅಕ್ಕು ಗೋಡೆಗೆ ಅಂಟಿಕೊಂಡಿದ್ದಳು. ಕೋಳಿಯ ಪುಟ ಅರ್ಧಕ್ಕೆ ಹರಿದಿತ್ತು. ಕೋಳಿ ಇದ್ದ ಜಾಗ ಖಾಲಿ.

"ಯಾರ ಹರದ್ರು? ಹೇಳ! ಯಾರ ಹರದ್ರು?"

ನಾನು ಬಾಗಿಲಲ್ಲೇ ನಿಂತೆ. ಬಾಯಲ್ಲಿ ಕಲ್ಲುಸಕ್ಕರೆ.

ಅಕ್ಕು ಹೇಳಿದಳು. "ನಾ ಅಲ್ಲ. ಕೋಳಿ ತಾನ ಹರಕೊಂಡು ಹೋತು."

ಹಾಗೆಂದರೆ ಹಾಗೆಯೇ. ಸಣ್ಣ ದನಿಯಲ್ಲ, ಒಡಕು ದನಿಯಲ್ಲ. ನಾಲ್ಕು ವರ್ಷದಿಂದ ಒಳಗೆ ಮಡಿಸಿಟ್ಟಿದ್ದ ಹೊಸ ಸೀರೆಯಂಥ ದನಿ.

ಬಸಲಿಂಗವ್ವನ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕೆಳಗಿಳಿಸುವುದು ಮರೆತು ಹೋಗಿತ್ತು. ಅವಳು ಮೆಲ್ಲಗೆ ಕೇಳಿದಳು, "ಎಲ್ಲಿಗಿ ಹೋತು?"

"ತತ್ತಿ ಇಡಾಕ."

"ಎಲ್ಲಿ?"

ಅಕ್ಕು ಸ್ವಲ್ಪ ಯೋಚಿಸಿದಳು. "ಘಾಟ್ಕೋಪರ್ ಟೇಸನ್ನಾಗ. ಪೊಲೀಸನ ಟೊಪ್ಪಿಗ್ಯಾಗ."

ನನ್ನ ಬಾಯಿಂದ ಕಲ್ಲುಸಕ್ಕರೆ ಹೊರಗೆ ಬಿತ್ತು. ಬಸಲಿಂಗವ್ವ ನೆಲದ ಮೇಲೆ ಕೂತು ಮಗಳನ್ನು ಎಳೆದುಕೊಂಡು ನಗುತ್ತಾ ಅತ್ತಳು, ಅಳುತ್ತಾ, "ಮತ್ತ ಪೊಲೀಸ ಏನಂದ?" ಎಂದಳು. ಅಕ್ಕು ಅದನ್ನೂ ಹೇಳಿದಳು. ಪೊಲೀಸನ ಹೆಂಡತಿ ಏನಂದಳು ಅದನ್ನೂ. ಹರಿದ ಕೋಳಿ ಅಕ್ಕುವಿನ ಮುಷ್ಟಿಯಲ್ಲೇ ಇತ್ತು. ನಾವಿಬ್ಬರೂ ಅದನ್ನು ನೋಡಲಿಲ್ಲ ಎಂದು ನಟಿಸಿದೆವು.

ಸುಳ್ಳು ಹೇಳುವ ಮಕ್ಕಳಿಗೆ ಜೀವನವಿಡೀ ಬುದ್ಧಿ ಹೇಳಿದವಳು ನಾನು. ಇವತ್ತು ದೇವಸ್ಥಾನಕ್ಕೆ ಹೋಗಿ ಒಂದು ಸುಳ್ಳಿಗಾಗಿ ತೆಂಗಿನಕಾಯಿ ಒಡೆಸಿದೆ. ಅರ್ಚಕರು ಯಾವ ನಕ್ಷತ್ರ ಎಂದರು. ತಿಳಿಯದು ಎಂದೆ.

೧೭ ಮಾರ್ಚ್, ಶುಕ್ರವಾರ

ವಿನೋದಿನಿಗೆ ಹರಿದ ಪುಸ್ತಕ ತೋರಿಸಿದೆ. ಎದೆಗೆ ಒತ್ತಿಕೊಂಡು ಕುಣಿದಳು. ಹುಚ್ಚು ಹುಡುಗಿ.

೨೮ ಮಾರ್ಚ್, ಮಂಗಳವಾರ

ಅಕ್ಕುವಿನ ಬಾಯಿ ನಿಲ್ಲುತ್ತಿಲ್ಲ. ನಳದ ಹತ್ತಿರ ನಿಂತ ಹೆಂಗಸರಿಗೆಲ್ಲ ಅವರವರ ಕೊಡದ ಕಥೆ ಹೇಳುತ್ತಾಳೆ. ಬಂಡೆಪ್ಪ ಕೆಲಸದಿಂದ ಬಂದು ಬಾಗಿಲಲ್ಲಿ ಕೂತು ಪರೀಕ್ಷೆ ಮಾಡಿದ.

"ನಿನ್ನ ಹೆಸರೇನು?"

"ಅಕ್ಕು ಬಂಡೆಪ್ಪ."

"ಮನಿ ಎಲ್ಲದ?"

"ಗುಡ್ಡದ ಮ್ಯಾಲ, ನಳದ ಹಿಂದ, ಬಾಗಿಲಾ ಕಿರ್ ಅಂತದ. ಎಣ್ಣಿ ಹಾಕು ಅಂದ್ರ ನಮ್ಮಪ್ಪ ಹಾಕಂಗಿಲ್ಲ."

ಬಂಡೆಪ್ಪ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ, ತುಂಬ ಹೊತ್ತು ಒರೆಸಿಕೊಂಡ. ಇದೇ ಸಮಯ ಎಂದು ನಾನು, "ಹಾಗಾದರೆ ಜೂನಿನಲ್ಲಿ ಬಾಲವಾಡಿ?" ಎಂದೆ.

"ಅವ್ವಗ ಹೇಳಿ ಕಳಿಸೀನಿ ಬಾಯಾರ. ಮುದುಕಿ ಹಾದಿ ನೋಡಾಕತ್ಯಾಳ. ಊರಿಗಿ ಹೋಗಿ ನೋಡೋಣು."

ನಾನು ಬಂಡೆಪ್ಪನಿಗೆ ಹೇಳಬೇಕೆಂದಿದ್ದ ಮಾತು ಬೆಟ್ಟದಷ್ಟಿತ್ತು. ಬಸಲಿಂಗವ್ವ ನನ್ನ ಕೈ ಮೆತ್ತಗೆ ಅದುಮಿದಳು. "ನೀವು ಸುಮ್ನಿರ್ರಿ. ನಾ ಮಾತಾಡ್ತೀನಿ."

ಗಂಡನ ಎದುರು ಉಸಿರೆತ್ತದವಳು ಏನು ಮಾತಾಡುತ್ತಾಳೋ.

೧೧ ಏಪ್ರಿಲ್, ಮಂಗಳವಾರ

ಹೋದರು. ದಾದರ್ ಸ್ಟೇಶನ್ನಿಗೆ ನಾನೂ ಹೋಗಿದ್ದೆ. ವಿಮಲಾ ರಜೆ ಹಾಕಿ ಜೊತೆಗೆ ಬಂದಳು, "ಅತ್ತೆ, ಆ ಗರ್ದೀಲಿ ನೀವೊಬ್ಬರೇ ಬೇಡ" ಎಂದು. ಕಿಟಕಿಯಿಂದ ಅಕ್ಕು ಕೂಗಿ ಏನೋ ಹೇಳುತ್ತಲೇ ಇದ್ದಳು, ಇಂಜಿನ್ ಕೂಗಿದ್ದರಿಂದ ಕೇಳಲಿಲ್ಲ.

ಬಸಲಿಂಗವ್ವ ಮಾತಾಡಿದಂತೆ ನನಗೆ ಕಾಣಲಿಲ್ಲ.

೨ ಮೇ, ಮಂಗಳವಾರ

ಸುದ್ದಿ ಇಲ್ಲ. ಗುಡ್ಡದ ತನಕ ಸುಮ್ಮನೆ ನಡೆದು ಬಂದೆ. ಬಾಗಿಲಿಗೆ ಬೀಗ.

೧೯ ಮೇ, ಶುಕ್ರವಾರ

ಅವರ ಊರಿನ ಸಿದ್ದರಾಮಪ್ಪ ವಾಪಸ್ ಬಂದಿದ್ದಾನೆ ಎಂದು ತಿಳಿದು ಓಡಿದೆ.

"ಹುಡುಗಿ ಭಾರೀ ಅದಾಳ್ರಿ ಬಾಯಾರ!" ಎಂದ. "ಮುಂಬೈ ಕಥಿ ಹೇಳಿ ಹೇಳಿ ಇಡೀ ಓಣಿ ನಗಸಾಕತ್ಯಾಳ. ಅಜ್ಜಿ ಅಂತೂ ಕೂಸಿನ ಬಿಡವಲ್ಲಳು. ಮನಿಗಿ ಜೀವ ಬಂತು, ಇನ್ನ ಕಳಸಂಗಿಲ್ಲ ಅಂತಾಳ. ಬಂಡೆಪ್ಪನೂ ಹೂಂ ಅಂದಾನ."

ನಾನು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಮಾತಾಡಲಿಲ್ಲ ಎಂದು ಬಿಡಲು ಹೊರಟಿದ್ದರು. ಈಗ ಮಾತಾಡುತ್ತಾಳೆ ಎಂದು ಇಟ್ಟುಕೊಳ್ಳುತ್ತಾರೆ. ಆಡು ಮಾತ್ರ ಅದೇ ಆಡು.

ಮನೆಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಜಗಳವಾಡಿದೆ. ನಾನು ಕೇಳಿದ್ದು ಇದಲ್ಲ ಎಂದೆ. ದೇವರು ಎಂದಿನಂತೆ ಇದ್ದ. ಇಷ್ಟು ವರ್ಷ ಅವನ ಎದುರು ನಾನೇ ಮಾತಾಡಿದ್ದೇನೆ, ಅವನಿಗೆ ಬಾಯಿ ತೆರೆಯಲು ಬಿಟ್ಟಿದ್ದೇ ಇಲ್ಲವೋ ಏನೋ. ಕಲ್ಲುಸಕ್ಕರೆಯ ಒಂದು ಹರಳು ಬಾಯಿಗೆ ಹಾಕಿಕೊಂಡು ಕೂತೆ.

ಹೊರಗೆ ವಿಮಲಾ ನಾಶಿಕದಲ್ಲಿರುವ ನಮ್ಮ ಮಗನ ಜೊತೆ ಫೋನಿನಲ್ಲಿ, "ಅತ್ತೆ ಈಗ ಎಷ್ಟು ಬೇರೆ ಆಗಿದಾರೆ ಅಂದ್ರೆ ನೀವು ನಂಬಲ್ಲ" ಎನ್ನುತ್ತಿದ್ದಳು. ಏನು ಬೇರೆಯೋ! ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದೇನೆ, ಅಷ್ಟೇ.

೬ ಜೂನ್, ಮಂಗಳವಾರ

ಬಾಗಿಲಿಗೆ ಬೀಗ.

ವಿನೋದಿನಿ ಬೇರೆ ಮನೆ ಕೊಡುತ್ತೇನೆ ಎಂದಳು. ಒಂದು ವಾರ ತಡಿ ಎಂದೆ.

೧೩ ಜೂನ್, ಮಂಗಳವಾರ

ಇವತ್ತು ಮಳೆ. ಬಾಲವಾಡಿ ನಿನ್ನೆಯೇ ಶುರುವಾಗಿದೆ. ಆದರೂ ಒಂದು ಪಾಟಿ ಬಳಪ ಕೊಂಡು, ಒಳ್ಳೆ ಸೀರೆ ಉಟ್ಟು ಗುಡ್ಡ ಹತ್ತಿದೆ. ಅಕ್ಕು ಬಂದಿದ್ದರೆ ಕೈ ಹಿಡಿದು ನಾನೇ ಬಾಲವಾಡಿಗೆ ಕರೆದೊಯ್ಯಬೇಕು, ಟೀಚರಿಗೆ ನಾಲ್ಕು ಮಾತು ಹೇಳಬೇಕು ಎಂದು ಇಡೀ ದಾರಿ ಮಾತು ಜೋಡಿಸಿಕೊಂಡೆ.

ಬೀಗ ಇರಲಿಲ್ಲ. ಬಸಲಿಂಗವ್ವ ಒಲೆಯ ಮುಂದೆ. ಕೈಗೂಸು ನೆಲದ ಮೇಲೆ ಅಂಬೆಗಾಲು. ಡ್ರಮ್ಮಿನ ಹಿಂದೆ ನೋಡಿದೆ. ಯಾರೂ ಇಲ್ಲ.

"ಬರ್ರಿ ಬಾಯಾರ!" ಎಂದಳು ಅವಳು.

ನಾನು ಹೊಸ್ತಿಲ ಹೊರಗೇ ನಿಂತೆ. "ಬಿಟ್ಟು ಬಂದಿರಾ?" ಎಂದೆ.

"ಯಾರಿಗಿ? ಅಕ್ಕೂಗ? ಹೂಂರಿ, ಮುಂಜಾನಿ ಬಿಟ್ಟು ಬಂದೆ. ಬಾಲವಾಡಿಗಿ. ನಿನ್ನೆನೂ ಹೋಗಿದ್ಲು."

ಆಮೇಲೆ ಅವಳೇ ಹೇಳಿದಳು, ರೊಟ್ಟಿ ಬಡಿಯುತ್ತ. ಹೊರಡುವ ದಿನ ಊರಿನ ಬಸ್ಸಿನ ಹತ್ತಿರ ಅತ್ತೆ ಅಕ್ಕುವನ್ನು ಅಪ್ಪಿಕೊಂಡು ಬಿಡಲಿಲ್ಲವಂತೆ. ಬಂಡೆಪ್ಪ, ಇರಲಿ ಬಿಡು ಎಂದನಂತೆ. "ನಾ ಹೇಳಿದೆ ಬಾಯಾರ. ಅತ್ತೀ, ನಿಮಗ ಮಾತು ಬೇಕಂದ್ರ ನೀವ ಮುಂಬೈಕ ಬರ್ರಿ. ಇಕಿಗಿ ಮಾತು ಬರೂತನಕಾ ನಾ ಒಬ್ಬಾಕಿನ ಮಾತಾಡೀನಿ. ಈಗ ಇಕಿ ಮಾತು ಕೇಳೂದು ನನ್ನ ಪಾಳಿ. ಹಂಗಂದು ಎರಡೂ ಕೂಸು ಎತ್ಕೊಂಡು ಬಸ್ಸಿನಾಗ ಕುಂತೆ. ಅವ ಬಂದ್ರ ಬರಲಿ, ಇಲ್ಲಂದ್ರ ಇರಲಿ ಅಂತ."

"ಬಂಡೆಪ್ಪ?"

"ಬಸ್ ಬಿಟ್ಟ ಮ್ಯಾಲ ಓಡಿ ಬಂದು ಹತ್ತಿದ. ಅತ್ತಿ ದೀಪಾವಳಿಗಿ ಬರ್ತಾಳಂತ."

ಹೇಳಲು ಏನೂ ಉಳಿಸಿರಲಿಲ್ಲ ಅವಳು. ನನ್ನನ್ನು ಕಾಯಲೂ ಇಲ್ಲವಲ್ಲ ಎಂದು ಸ್ವಲ್ಪ ಚುಚ್ಚಿತು, ಬರೆದೇ ಬಿಡುತ್ತೇನೆ. ಚಹಾ ಕುಡಿದೆ. ಪಾಟಿಯನ್ನು ಬಾಲವಾಡಿಗೇ ಕೊಟ್ಟು ಹೋಗುತ್ತೇನೆ ಎಂದು ಎದ್ದೆ.

ಬಾಲವಾಡಿ ಎಂದರೆ ತಗಡಿನ ಒಂದು ಕೋಣೆ. ಮಳೆಯ ಸದ್ದಿಗೆ ಟೀಚರ್ ಹೇಳುವುದು ಒಂದೂ ಕೇಳುವುದಿಲ್ಲ. ಕಿಟಕಿಯಲ್ಲಿ ನಿಂತೆ. ಅಕ್ಕು ಮೊದಲ ಸಾಲಿನಲ್ಲಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ನನ್ನನ್ನು ನೋಡಿದಳು, ಮುಖ ಅರಳಿತು. ಪಕ್ಕದ ಹುಡುಗಿ ನನ್ನ ಒಳ್ಳೆ ಸೀರೆ, ಕೈಯಲ್ಲಿನ ಪಾಟಿ ನೋಡಿ ಹೆದರಿ, "ಯಾರ ಅಕಿ? ದೊಡ್ಡ ಟೀಚರ?" ಎಂದು ಕೇಳಿದಳು.

"ಹೇ, ಅಲ್ಲ" ಎಂದಳು ಅಕ್ಕು, ತಗಡಿನ ಸದ್ದನ್ನೂ ಮೀರಿಸಿ. "ಅಕಿ ನಮ್ಮವ್ವನ ಗೆಳತಿ."

ಪಾಟಿಯನ್ನು ಕಿಟಕಿಯಿಂದಲೇ ಒಳಗೆ ಕೊಟ್ಟು ಬಂದೆ. ಜೋಡಿಸಿಕೊಂಡ ನಾಲ್ಕು ಮಾತನ್ನು ಟೀಚರಿಗೆ ಹೇಳಲಿಲ್ಲ.

ಮನೆಗೆ ಬಂದಾಗ ಪೂರ್ತಿ ನೆನೆದಿದ್ದೆ. ಇವರು ಟವೆಲು ಕೊಟ್ಟು, "ಎಲ್ಲಿಗೆ ಹೋಗಿದ್ದೆ ಈ ಮಳೇಲಿ?" ಎಂದರು.

"ಗೆಳತಿ ಮನೆಗೆ" ಎಂದೆ.